ಬಿಚ್ಚಿ ನೋಡಲಾಗದ ಯಂತ್ರದಿಂದ ಮಕ್ಕಳು ಕಲಿಯುವುದೇನು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಹಣ ಕಟ್ಟಿದವರಿಗೆ, ಕೆಲವು ಷರತ್ತುಗಳಿಗೆ ಒಪ್ಪಿದವರಿಗೆ ಇನ್ನೂ ಸ್ವಲ್ಪ ಕಾಲ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಉಳಿದವರು ವಿಂಡೋಸ್ 11ಕ್ಕೆ ಹೋಗಬೇಕು. ಹೋಗಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಮತ್ತು ಸುಮಾರು 2018ರಿಂದ ಈಚಿನ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯ ಯಂತ್ರಗಳು ಶಾಲೆಯ ಲ್ಯಾಬುಗಳಲ್ಲಿ, ಪಂಚಾಯಿತಿ ಕಚೇರಿಗಳಲ್ಲಿ, ಸಹಕಾರ ಸಂಘಗಳ ಮೇಜುಗಳ ಮೇಲೆ, ಶಿವಮೊಗ್ಗದ ದುರ್ಗಿಗುಡಿಯ ಟೈಪಿಂಗ್ ಅಂಗಡಿಗಳಲ್ಲಿ, ಭದ್ರಾವತಿಯ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಗಳಲ್ಲಿ ಇವತ್ತಿಗೂ ದುಡಿಯುತ್ತಿವೆ. ಕೀಲಿಮಣೆ ಸವೆದಿರಬಹುದು, ಆದರೆ ಯಂತ್ರ ಕೆಟ್ಟಿಲ್ಲ. ಕೆಟ್ಟಿಲ್ಲದ ಯಂತ್ರವನ್ನು ದೂರದ ಒಂದು ಕಂಪನಿಯ ತೀರ್ಮಾನ ಹಳತು ಮಾಡಿಬಿಟ್ಟಿದೆ. ಈಗ ನಮ್ಮ ಮುಂದಿರುವ ದಾರಿ ಮೂರು: ಹೊಸ ಕಂಪ್ಯೂಟರಿಗೆ ದುಡ್ಡು ಹೊಂದಿಸುವುದು, ಅಪಾಯವಿದ್ದರೂ ಹಾಗೇ ನಡೆಸಿಕೊಂಡು ಹೋಗುವುದು, ಇಲ್ಲವೇ ಅದೇ ಯಂತ್ರಕ್ಕೆ ಲಿನಕ್ಸ್‌ನಂಥ ಮುಕ್ತ ತಂತ್ರಾಂಶ ಹಾಕಿ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳುವುದು. ಸಾರ್ವಜನಿಕ ಹಣದಲ್ಲಿ ನಡೆಯುವ ಸಂಸ್ಥೆಗಳು, ಎಲ್ಲಕ್ಕಿಂತ ಮೊದಲು ಶಾಲೆಗಳು, ಮೂರನೆಯ ದಾರಿಯನ್ನೇ ಹಿಡಿಯಬೇಕು. ಉಳಿತಾಯವಾಗುವ ಹಣ ಅದಕ್ಕೊಂದು ಕಾರಣ, ಆದರೆ ಅದು ಚಿಕ್ಕ ಕಾರಣ. ದೊಡ್ಡ ಕಾರಣ ಕಲಿಕೆಗೆ ಸಂಬಂಧಿಸಿದ್ದು.

ಓಪನ್ ಸೋರ್ಸ್ ಎಂದ ಕೂಡಲೇ ನಮ್ಮಲ್ಲಿ ಕೇಳಿಬರುವ ಮಾತುಗಳು ಎಲ್ಲರಿಗೂ ಪರಿಚಿತ. ಪುಕ್ಕಟೆ ಸಿಗುವುದಕ್ಕೆ ಬೆಲೆಯಿಲ್ಲ, ಲಿನಕ್ಸ್ ಏನಿದ್ದರೂ ಎಂಜಿನಿಯರುಗಳಿಗೆ, ನಮ್ಮ ಕೆಲಸಕ್ಕೆ ವಿಂಡೋಸೇ ಸರಿ, ಹೇಗೂ ಅಂಗಡಿಯವನು ಹಾಕಿಕೊಡುತ್ತಾನಲ್ಲ. ಅಂಗಡಿಯವನು ಹಾಕಿಕೊಡುವುದು ಬಹಳ ಸಲ ಲೈಸೆನ್ಸ್ ಇಲ್ಲದ ಕಳ್ಳಪ್ರತಿಯನ್ನು. ಹಾಗಾಗಿ ಜನರ ಲೆಕ್ಕದಲ್ಲಿ ಎರಡೂ ಪುಕ್ಕಟೆಯೇ, ಎರಡರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಬೆಲೆಯಲ್ಲಲ್ಲ, ಹಕ್ಕಿನಲ್ಲಿ. ಅಮೆರಿಕದ ಎಂಐಟಿ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ಈ ಹಕ್ಕಿನ ಪ್ರಶ್ನೆಗೆ ಎದುರಾದದ್ದು ಒಂದು ಪ್ರಿಂಟರಿನ ಮೂಲಕ. ಜೆರಾಕ್ಸ್ ಕಂಪನಿಯ ಆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರಿನ ಪ್ರೋಗ್ರಾಮನ್ನು ಆತ ತಾನೇ ತಿದ್ದಿ, ಕಾಗದ ಸಿಕ್ಕಿಕೊಂಡರೆ ಎಲ್ಲರ ಪರದೆಗೂ ಸುದ್ದಿ ಹೋಗುವಂತೆ ಮಾಡಿದ್ದ. ಹೊಸದರಲ್ಲಿ ಹಾಗೆ ಮಾಡಲು ಬೇಕಾದ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಬಲ್ಲ ಮೂಲ ಬರಹ, ಕೊಡಲಾಗುವುದಿಲ್ಲ ಎಂಬ ಉತ್ತರ ಬಂತು. ರಿಪೇರಿ ಮಾಡುವ ಬುದ್ಧಿ ಕೈಯಲ್ಲಿದ್ದೂ ರಿಪೇರಿ ಮಾಡುವ ಹಕ್ಕು ಇಲ್ಲವಾಯಿತು. 1983ರಲ್ಲಿ ಆತ ಪ್ರಕಟಿಸಿದ ಗ್ನೂ ಯೋಜನೆಯ ಹಿಂದೆ ಇಂಥ ಅನುಭವಗಳಿದ್ದವು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಅದರ ಜೊತೆ ಸೇರಿ ಪೂರ್ಣ ವ್ಯವಸ್ಥೆಯಾಯಿತು. ಇವತ್ತು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದು ಲಿನಕ್ಸ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲವೂ ಓಡುತ್ತಿರುವುದು ಲಿನಕ್ಸ್ ಮೇಲೆಯೇ. ಪುಕ್ಕಟೆಯದಕ್ಕೆ ಬೆಲೆಯಿಲ್ಲ ಎಂಬ ಮಾತಿಗೆ ಇಷ್ಟು ಉತ್ತರ ಸಾಕು.

ಬಿಚ್ಚಿ ನೋಡುವ ಹಕ್ಕು ಒಂದು ಊರಿಗೆ ಏನು ಕೊಡುತ್ತದೆ ಎಂದು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಭದ್ರಾವತಿಯ ಚರಿತ್ರೆ ಸಾಕು. ಹಿಂದೆ ಬೆಂಕಿಪುರ ಎನ್ನಿಸಿಕೊಂಡಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು 1923ರ ಜನವರಿಯಲ್ಲಿ. ದಿವಾನರಾಗಿದ್ದಾಗ ಅದಕ್ಕೆ ನಾಂದಿ ಹಾಡಿದ್ದ ವಿಶ್ವೇಶ್ವರಯ್ಯನವರು ಆಗ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾದರು. ಆ ಕಾಲಕ್ಕೆ ಕಬ್ಬಿಣ ಕರಗಿಸುವುದೆಂದರೆ ಕಲ್ಲಿದ್ದಲಿನ ಕೋಕ್ ಬೇಕು ಎಂಬುದು ಸಾಮಾನ್ಯ ರೂಢಿ. ಮೈಸೂರಿನಲ್ಲಿ ಕಲ್ಲಿದ್ದಲು ಇರಲಿಲ್ಲ. ಅದಿರು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿತ್ತು, ನೀರು ಭದ್ರೆಯಲ್ಲಿತ್ತು, ಸೌದೆ ಮಲೆನಾಡಿನಲ್ಲಿತ್ತು. ಹಾಗಾಗಿ ಕುಲುಮೆಯನ್ನು ಮರದ ಇದ್ದಲಿನ ಮೇಲೆ ನಡೆಸುವ ವ್ಯವಸ್ಥೆ ಮಾಡಿದರು. ಇದ್ದಲು ಮಾಡುವಾಗ ಹೊಗೆಯಾಗಿ ಹೋಗುವುದನ್ನೂ ಹಿಡಿದಿಟ್ಟು ಟಾರು, ಮೆಥನಾಲ್‌ನಂಥ ಉಪವಸ್ತುಗಳನ್ನು ತೆಗೆಯುವ ಘಟಕವೂ ಜೊತೆಗೆ ಬಂತು. ಈ ಆಯ್ಕೆಗೆ ಮಲೆನಾಡಿನ ಕಾಡು ತೆತ್ತ ಬೆಲೆ ದೊಡ್ಡದು, ಅದನ್ನು ಮರೆಮಾಚಬಾರದು. ಮುಂದೆ 1936ರ ಹೊತ್ತಿಗೆ ಉಕ್ಕು ತಯಾರಿಕೆ ಬಂತು. ಜೋಗದ ವಿದ್ಯುತ್ ಬಂದ ಮೇಲೆ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಹೊರದೇಶದ ತಜ್ಞರ ಸಲಹೆಯಿಂದ ಶುರುವಾದ ಕಾರ್ಖಾನೆ ಕ್ರಮೇಣ ಮೈಸೂರಿನ ಎಂಜಿನಿಯರುಗಳ, ಇಲ್ಲಿನ ಕುಶಲ ಕಾರ್ಮಿಕರ ಕೈಗೆ ಬಂತು. ಕೈಗೆ ಬರಲು ಸಾಧ್ಯವಾದದ್ದು ಯಾಕೆಂದರೆ ನಕ್ಷೆ ಅವರ ಮುಂದೆ ಹಾಸಿಕೊಂಡಿತ್ತು, ಕುಲುಮೆ ಅವರ ಕಣ್ಣೆದುರು ಬಿಚ್ಚಿಕೊಳ್ಳುತ್ತಿತ್ತು, ಕೆಟ್ಟ ಭಾಗವನ್ನು ಅವರೇ ಅಚ್ಚು ಹೊಯ್ದು ಮಾಡಿ ಕೂರಿಸಬಹುದಿತ್ತು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿಯಲ್ಲಿ ಇವತ್ತು ಕೆಲಸ ಮಾಡುತ್ತಿರುವ ಫೌಂಡ್ರಿಗಳನ್ನೂ ಲೇತ್ ಅಂಗಡಿಗಳನ್ನೂ ನೋಡಿದರೆ ಲೋಹದ ತಿಳಿವಳಿಕೆ ಈ ಸೀಮೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯುತ್ತದೆ.

ಅದೇ ಊರು ಇನ್ನೊಂದು ಪಾಠವನ್ನೂ ಕಲಿತಿದೆ, ಬಹಳ ಕಹಿಯಾಗಿ. ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ಸುದ್ದಿ ದೆಹಲಿಯಿಂದ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಆ ಹೊತ್ತಿಗೆ ಕಾಗದನಗರದ ಎಂಪಿಎಂ, 1936ರಲ್ಲಿ ಸ್ಥಾಪನೆಯಾಗಿ ನಾಡಿನ ಪತ್ರಿಕೆಗಳಿಗೆ ಕಾಗದ ಒದಗಿಸಿದ ಕಾರ್ಖಾನೆ, ನಿಂತು ವರ್ಷಗಳೇ ಆಗಿದ್ದವು. ಈ ಸ್ಥಿತಿಗೆ ಉಕ್ಕಿನ ಮಾರುಕಟ್ಟೆ, ಬಂಡವಾಳ, ಗಣಿಯ ಪರವಾನಗಿ ಮುಂತಾದ ಕಾರಣಗಳು ಬೇರೆಯೇ ಇವೆ, ಅವನ್ನು ತಂತ್ರಾಂಶದ ಚರ್ಚೆಗೆ ಎಳೆದು ಕಟ್ಟುವುದು ಸರಿಯಲ್ಲ. ಆದರೂ ಒಂದು ಅಂಶ ಎರಡಕ್ಕೂ ಸಾಮಾನ್ಯ. ಕೆಲಸ ಬಲ್ಲ ಕೈಗಳು ಇಲ್ಲಿವೆ, ತೀರ್ಮಾನ ಮಾಡುವ ಅಧಿಕಾರ ಬೇರೆಲ್ಲೋ ಇದೆ. ಹಾಗಿದ್ದಾಗ ಊರಿನ ಜಾಣ್ಮೆ ಎಷ್ಟಿದ್ದರೂ ಅದು ಊರನ್ನು ಕಾಯುವುದಿಲ್ಲ. ಕುಲುಮೆ ಹತ್ತಿಸಲು ಕೋಟಿಗಟ್ಟಲೆ ಬಂಡವಾಳ ಬೇಕು, ಅದನ್ನು ಭದ್ರಾವತಿಯ ಕಾರ್ಮಿಕರು ತಾವಾಗಿ ಹೊಂದಿಸಲಾರರು. ತಂತ್ರಾಂಶಕ್ಕೆ ಅಂಥ ಬಂಡವಾಳ ಬೇಡ. ಮೂಲ ಬರಹ ತೆರೆದಿದ್ದರೆ ಹಳೆಯ ಒಂದು ಕಂಪ್ಯೂಟರ್, ಇಂಟರ್ನೆಟ್, ಓದುವ ಹಟ ಇಷ್ಟೇ ಸಾಕು. ಕೈಗಾರಿಕೆಯ ಚರಿತ್ರೆಯಲ್ಲಿ ಸಾಮಾನ್ಯ ಕುಟುಂಬದ ಮಗುವಿಗೆ ಇಷ್ಟು ಅಗ್ಗವಾಗಿ ಯಂತ್ರದ ಒಳಗು ಸಿಕ್ಕದ್ದು ಇದೇ ಮೊದಲು. ಅಂಥ ಅವಕಾಶವನ್ನು ನಮ್ಮ ಶಾಲೆಗಳು ಮಕ್ಕಳಿಗೆ ತೋರಿಸುತ್ತಲೇ ಇಲ್ಲ ಎನ್ನುವುದು ನನ್ನ ದೂರು. ಮೆನು ಎಲ್ಲಿದೆ, ಗುಂಡಿ ಎಲ್ಲಿದೆ ಎಂದು ಬಾಯಿಪಾಠ ಮಾಡಿಸಿ ಅದನ್ನು ಕಂಪ್ಯೂಟರ್ ಶಿಕ್ಷಣ ಎಂದು ಕರೆಯುತ್ತಿದ್ದೇವೆ.

ಕನ್ನಡದ ವಿಷಯಕ್ಕೆ ಬಂದರೆ ಈ ವಾದ ಇನ್ನೂ ಗಟ್ಟಿಯಾಗುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಸಲೀಸಾಗಿ ಮೂಡುತ್ತಿರುವುದಕ್ಕೆ ಮುಖ್ಯ ಕಾರಣ, ತಮ್ಮ ಕೆಲಸವನ್ನು ಮುಚ್ಚಿಟ್ಟುಕೊಳ್ಳದೆ ಹಂಚಿದ ಕೆಲವರು. ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರೂ ಕರೆಯುವಂತೆ ಕೆ.ಪಿ. ರಾವ್, ಕನ್ನಡ ಅಕ್ಷರಗಳ ತರ್ಕಕ್ಕೆ ಹೊಂದುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿ ಎಲ್ಲರ ಬಳಕೆಗೆ ಬಿಟ್ಟರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿದ ನುಡಿ ತಂತ್ರಾಂಶದ ಕೀಲಿಮಣೆ ಅದೇ ತಳಹದಿಯ ಮೇಲೆ ನಿಂತದ್ದು. ಇವತ್ತು ಶಿವಮೊಗ್ಗದ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಟೈಪ್ ಮಾಡುವವರ ಬೆರಳುಗಳು ನಡೆಯುವ ದಾರಿ ಅದು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಮನೆಮನೆಯ ಕಂಪ್ಯೂಟರಿಗೆ ಕನ್ನಡ ತಂದ ತಂತ್ರಾಂಶ. ಬಹುಕಾಲ ಅದು ಉಚಿತವಾಗಿತ್ತು, ಆಮೇಲಿನ ಆವೃತ್ತಿಗಳಿಗೆ ಹಣ ಕೊಡಬೇಕಾಯಿತು. ಅದರಲ್ಲಿ ತಪ್ಪೇನೂ ಇಲ್ಲ, ದುಡಿದವರಿಗೆ ಪ್ರತಿಫಲ ಸಿಗಬೇಕು. ಆದರೆ ಒಂದು ಭಾಷೆಯ ಬರವಣಿಗೆಗೆ ಬೇಕಾದ ಮೂಲ ಸಾಧನ ಒಬ್ಬರ ಅಥವಾ ಒಂದು ಸಂಸ್ಥೆಯ ಆರ್ಥಿಕ ಸ್ಥಿತಿಯನ್ನು ನೆಚ್ಚಿಕೊಂಡಿರಬಾರದು. ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಅಷ್ಟೊಂದು ಶ್ರಮ ಹಾಕಿ, ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಕುವೆಂಪು ಹೆಸರಿನ ತಂತ್ರಾಂಶ ಬರುವುದರ ಹಿಂದೆ ನಿಂತದ್ದು, ತಂತ್ರಾಂಶವಿಲ್ಲದ ಭಾಷೆ ಹಿಂದೆ ಬೀಳುತ್ತದೆಂಬ ಕಾಳಜಿಯಿಂದ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಕೆ. ಚಿದಾನಂದ ಗೌಡರ ಅಧ್ಯಕ್ಷತೆಯಲ್ಲಿ ಸರ್ಕಾರ ಕನ್ನಡ ತಂತ್ರಾಂಶ ಸಮಿತಿ ರಚಿಸಿತ್ತು. ಸರ್ಕಾರದ ಕನ್ನಡ ಜಾಗತಿಕ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬರಬೇಕೆಂಬ ಒತ್ತಾಯಕ್ಕೆ ಬಲ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಈ ಚರ್ಚೆ ಶಿವಮೊಗ್ಗ ಜಿಲ್ಲೆಗೆ ಹೊಸತೇನೂ ಅಲ್ಲ.

ಅಕ್ಷರ ಮೂಡುವ ಬಗೆಯನ್ನೇ ತೆಗೆದುಕೊಳ್ಳಿ. ರಕಾರಕ್ಕೆ ಯಕಾರದ ಒತ್ತು ಬಂದಾಗ ರಕಾರ ಮುಂದೆ ಪೂರ್ತಿಯಾಗಿ ನಿಲ್ಲಬೇಕೋ, ಅರ್ಕಾವತ್ತಾಗಿ ಹಿಂದೆ ಹೋಗಬೇಕೋ? ಕಾರ್ಯ ಎಂದು ಬರೆಯುವವರಿಗೆ ಒಂದು ರೂಪ ಬೇಕು, ಪರೀಕ್ಷೆಯ ರ‍್ಯಾಂಕ್ ಬಗ್ಗೆ ಬರೆಯುವವರಿಗೆ ಇನ್ನೊಂದು ರೂಪ ಬೇಕು. ಹೊರಗಿನವರಿಗೆ ಇದು ಗಮನಕ್ಕೂ ಬಾರದ ವಿಷಯ, ಕನ್ನಡ ಓದುವವರಿಗೆ ಕಣ್ಣಿಗೆ ಕಸ ಬಿದ್ದ ಹಾಗೆ. ಮುಚ್ಚಿದ ತಂತ್ರಾಂಶದಲ್ಲಿ ಇಂಥ ದೋಷ ಕಂಡರೆ ಕಂಪನಿಗೆ ಮನವಿ ಕಳಿಸಿ ಕಾಯಬೇಕು. ಕನ್ನಡದ ಮಾರುಕಟ್ಟೆ ಅವರ ಲೆಕ್ಕಕ್ಕೆ ಸಾಲದಿದ್ದರೆ ಕಾಯುತ್ತಲೇ ಇರಬೇಕು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಇವೆಲ್ಲ ಅಕ್ಷರ ಜೋಡಿಸಲು ಬಳಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಮುಕ್ತವಾದದ್ದು. ಅದರಲ್ಲಿ ಕನ್ನಡದ ದೋಷವನ್ನು ಯಾರು ಬೇಕಾದರೂ ತೋರಿಸಬಹುದು, ಬಲ್ಲವರು ತಿದ್ದುಪಡಿಯನ್ನೇ ಬರೆದು ಕಳಿಸಬಹುದು, ಒಪ್ಪಿಗೆಯಾದರೆ ಜಗತ್ತಿನ ಎಲ್ಲ ಕನ್ನಡಿಗರ ಪರದೆಯೂ ಸರಿಹೋಗುತ್ತದೆ. ಅರವಿಂದ ವಿ.ಕೆ. ಅವರು ರೂಪಿಸಿ ಮುಕ್ತ ಪರವಾನಗಿಯಲ್ಲಿ ಬಿಟ್ಟ ಗುಬ್ಬಿ, ನವಿಲು ಎಂಬ ಅಕ್ಷರ ವಿನ್ಯಾಸಗಳನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಅವರ ಸಾಧನವೂ ಹಾಗೆಯೇ. ಶಿವಮೊಗ್ಗದ ಪ್ರೆಸ್ಸುಗಳಲ್ಲಿ, ಸಂಘಸಂಸ್ಥೆಗಳ ಕಪಾಟುಗಳಲ್ಲಿ ಸ್ಮರಣ ಸಂಚಿಕೆ, ವರದಿ, ಸ್ಥಳೀಯ ಇತಿಹಾಸದ ಪುಸ್ತಕಗಳ ಕಡತಗಳು ಹಳೆಯ ಫಾಂಟುಗಳಲ್ಲಿ ಹೂತುಹೋಗಿವೆ. ಹುಡುಕಿದರೆ ಸಿಗುವುದಿಲ್ಲ, ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಚಿತ್ರವಿಚಿತ್ರ ಚಿಹ್ನೆಗಳು. ಅವನ್ನು ಹೊರತೆಗೆಯುವ ಬೀಗದ ಕೈ ಯಾವುದೋ ಕಂಪನಿಯ ಬಳಿ ಇಲ್ಲ, ನಮ್ಮ ಬಳಿಯೇ ಇದೆ.

ಕನ್ನಡದ ಮಕ್ಕಳಿಗೆ ಮುಕ್ತ ತಂತ್ರಾಂಶದಲ್ಲಿ ಕಲಿಸಲು ಸಾಧ್ಯವೇ ಎಂದು ಅನುಮಾನಪಡುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಮುಂದಿನ ವರ್ಷಗಳಲ್ಲಿ ಶಾಲೆಗಳ ಕಂಪ್ಯೂಟರುಗಳನ್ನು ಗ್ನೂ ಲಿನಕ್ಸ್‌ಗೆ ಬದಲಾಯಿಸಿತು. 2017ರಲ್ಲಿ ಅದೇ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಅದರಲ್ಲಿ ಅವರು ಇಂಕ್‌ಸ್ಕೇಪ್‌ನಲ್ಲಿ ಚಿತ್ರ ಬರೆಯುತ್ತಾರೆ, ಕ್ಯುಜಿಐಎಸ್‌ನಲ್ಲಿ ನಕ್ಷೆ ಓದುತ್ತಾರೆ, ಪೈಥಾನ್‌ನಲ್ಲಿ ಪ್ರೋಗ್ರಾಮು ಬರೆಯುತ್ತಾರೆ. ಕನ್ನಡ ಬಲ್ಲ ಶಿಕ್ಷಕರಿಗಾಗಿ ಇನ್ನೂ ಹೋರಾಡಬೇಕಾದ ಸ್ಥಿತಿ ಅಲ್ಲಿನ ಕನ್ನಡಿಗರದು. ಆದರೂ ಈ ಒಂದು ವಿಷಯದಲ್ಲಿ ಅವರ ಮಕ್ಕಳಿಗೆ ಸಿಕ್ಕದ್ದು ಕರ್ನಾಟಕದ ಮಕ್ಕಳಿಗೆ ಸಿಕ್ಕಿಲ್ಲ. ನಮ್ಮಲ್ಲಿ ಪ್ರಯತ್ನವೇ ಆಗಲಿಲ್ಲ ಎನ್ನಲಾಗದು. 2013ರಲ್ಲಿ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಯೋಜನೆ ಆರಂಭಿಸಿದವು. ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ ಕೂತು ಗಣಿತ, ವಿಜ್ಞಾನ, ಸಮಾಜದ ಪಾಠಗಳನ್ನು ಕನ್ನಡದಲ್ಲಿ ಬರೆದು ಹಂಚಿದರು. ಒಳ್ಳೆಯ ಕೆಲಸ ಅದು. ಆದರೆ ಕೇರಳ ಶಿಕ್ಷಕರನ್ನು ನೆಚ್ಚಿ ಎರಡು ದಶಕ ಪಟ್ಟುಹಿಡಿದು ನಡೆಸಿತು. ನಾವು ಯೋಜನೆಯ ಹೆಸರು ಬದಲಾದಾಗಲೆಲ್ಲ ಮೊದಲಿಂದ ಶುರುಮಾಡಿದೆವು.

ಜನಪ್ರಿಯ ವಿಜ್ಞಾನದ ಬರವಣಿಗೆಯಲ್ಲಿ ಕನ್ನಡಕ್ಕೆ ದೊಡ್ಡ ಪರಂಪರೆಯಿದೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ಬಾಲಪ್ರಪಂಚ ಬರೆದರು, ಆಮೇಲೆ ವಿಜ್ಞಾನ ಪ್ರಪಂಚದ ಸಂಪುಟಗಳನ್ನು ತಂದರು. ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರವನ್ನು ಕತೆಯಷ್ಟು ರುಚಿಯಾಗಿ ಹೇಳಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ ಹಳ್ಳಿ ಶಾಲೆಗಳಿಗೂ ಮುಟ್ಟಿತು. ಇವರೆಲ್ಲ ಓದುಗನಿಗೆ ಕೊಟ್ಟದ್ದು ಮಾಹಿತಿಯ ಜೊತೆಗೆ ಪ್ರಶ್ನೆ ಕೇಳುವ ಧೈರ್ಯವನ್ನು. ಮುಕ್ತ ತಂತ್ರಾಂಶ ಅದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ: ಓದಿದ್ದನ್ನು ಮಾಡಿ ನೋಡಬಹುದು. ಸ್ಟೆಲೇರಿಯಂ ಎಂಬ ಮುಕ್ತ ತಂತ್ರಾಂಶದಲ್ಲಿ ಶಿವಮೊಗ್ಗದ ಅಕ್ಷಾಂಶ ರೇಖಾಂಶ ಕೊಟ್ಟರೆ ಇವತ್ತಿನ ರಾತ್ರಿ ತುಂಗೆಯ ದಡದಿಂದ ಯಾವ ಗ್ರಹ ಎಲ್ಲಿ ಕಾಣುತ್ತದೆ ಎಂದು ತೋರಿಸುತ್ತದೆ. ನೂರು ವರ್ಷ ಹಿಂದಿನ ಆಕಾಶವನ್ನೂ ತೋರಿಸುತ್ತದೆ. ಇನ್ನೊಂದು ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ಗುರುತಿಸಿದ ಈ ರೋಗ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ಮಂಗ ಸತ್ತ ಜಾಗ, ಉಣುಗು ಸಿಕ್ಕ ಜಾಗ, ಜ್ವರ ಬಂದ ಮನೆ ಇವನ್ನು ನಕ್ಷೆಯ ಮೇಲೆ ಇಟ್ಟು ನೋಡುವುದು ರೋಗ ತಡೆಯುವ ಮೊದಲ ಹೆಜ್ಜೆ. ಅದಕ್ಕೆ ಬೇಕಾದ ಕ್ಯುಜಿಐಎಸ್ ಉಚಿತ, ಮುಕ್ತ. ಕಾಸರಗೋಡಿನ ಪ್ರೌಢಶಾಲೆಯ ಹುಡುಗಿ ಕಲಿಯುವ ಈ ಸಾಧನವನ್ನು ಸಾಗರದ ಅಥವಾ ತೀರ್ಥಹಳ್ಳಿಯ ಪದವಿ ಕಾಲೇಜಿನ ವಿದ್ಯಾರ್ಥಿ ಕಲಿಯಬಾರದೇಕೆ?

ಆಕ್ಷೇಪಗಳಿಗೆ ಬರೋಣ. ಎಲ್ಲರೂ ಮೊದಲು ಹೇಳುವುದು ಕೆಲಸದ ಮಾತು: ಕಂಪನಿಗಳು ವರ್ಡ್, ಎಕ್ಸೆಲ್ ಕೇಳುತ್ತವೆ, ಲೆಕ್ಕದವರು ಟ್ಯಾಲಿ ಕೇಳುತ್ತಾರೆ, ನಾವು ಮಕ್ಕಳಿಗೆ ಬೇರೇನೋ ಕಲಿಸಿದರೆ ಅವರು ಹಿಂದೆ ಬೀಳುವುದಿಲ್ಲವೇ? ತಂದೆತಾಯಿಯರ ಈ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೆ ಎಂಟನೇ ತರಗತಿಯ ಮಗು ಕೆಲಸಕ್ಕೆ ಸೇರುವ ಹೊತ್ತಿಗೆ ಹತ್ತು ವರ್ಷ ಕಳೆದಿರುತ್ತದೆ. ಇಂದಿನ ವರ್ಡ್‌ನ ಮೆನು ಅಂದಿಗೆ ಹಾಗೇ ಇರುವುದಿಲ್ಲ. ಲಿಬ್ರೆಆಫೀಸ್‌ನಲ್ಲಿ ಸೂತ್ರ ಬರೆದು ಕೋಷ್ಟಕ ಮಾಡಬಲ್ಲವರು ಎಕ್ಸೆಲ್ಲಿಗೆ ಬೇಗ ಒಗ್ಗಿಕೊಳ್ಳುತ್ತಾರೆ. ಇನ್ನು ತಂತ್ರಜ್ಞಾನದ ಕೆಲಸಗಳಿಗೆ ಹೋಗುವವರ ವಿಷಯದಲ್ಲಿ ಆಕ್ಷೇಪ ತಿರುಗುಮುರುಗಾಗುತ್ತದೆ. ಸರ್ವರುಗಳ ಜಗತ್ತು ಬಹುಪಾಲು ಲಿನಕ್ಸಿನದು. ಶಿವಮೊಗ್ಗದ ಜೆಎನ್‌ಎನ್‌ಸಿಇಯಂಥ ಎಂಜಿನಿಯರಿಂಗ್ ಕಾಲೇಜು ಸೇರುವ ಹುಡುಗ ಅದನ್ನು ಮೊದಲ ಸಲ ಕಾಣುವುದು ಹದಿನೆಂಟನೇ ವಯಸ್ಸಿನಲ್ಲಿ ಎಂದಾದರೆ ಹಿಂದೆ ಬಿದ್ದವನು ಅವನೇ. ಟ್ಯಾಲಿ ಬೇಕೇಬೇಕಾದ ಲೆಕ್ಕದ ಮೇಜಿನಲ್ಲಿ ವಿಂಡೋಸ್ ಇರಲಿ, ತಕರಾರಿಲ್ಲ. ಒಂದು ಮೇಜಿನ ಅಗತ್ಯವನ್ನು ಇಡೀ ಲ್ಯಾಬಿನ ಮೇಲೆ ಹೇರುವುದು ಬೇಡ ಎಂದಷ್ಟೇ ಹೇಳುತ್ತಿದ್ದೇನೆ.

ಕೆಟ್ಟರೆ ಯಾರು ನೋಡುತ್ತಾರೆ ಎನ್ನುವ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ವಿಂಡೋಸ್ ಬಲ್ಲ ಅಂಗಡಿಯವರು ಶಿವಮೊಗ್ಗದ ಗೋಪಿ ವೃತ್ತದ ಸುತ್ತ ಬೇಕಾದಷ್ಟು ಸಿಗುತ್ತಾರೆ, ಲಿನಕ್ಸ್ ಬಲ್ಲವರನ್ನು ಹುಡುಕಬೇಕು. ಒಂಟಿ ಶಾಲೆಯೊಂದು ಬದಲಾವಣೆಗೆ ಕೈಹಾಕಿದರೆ, ಆಸಕ್ತಿಯ ಮೇಷ್ಟ್ರು ವರ್ಗವಾದ ತಿಂಗಳಲ್ಲೇ ಲ್ಯಾಬಿಗೆ ಬೀಗ ಬೀಳುತ್ತದೆ. ಜರ್ಮನಿಯ ಮ್ಯೂನಿಕ್ ನಗರಸಭೆ ವರ್ಷಗಟ್ಟಲೆ ಶ್ರಮಿಸಿ ತನ್ನ ಸಾವಿರಾರು ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ಮತ್ತೆ ವಿಂಡೋಸಿಗೆ ಮರಳುವ ತೀರ್ಮಾನ ಮಾಡಿತು. ಹಾಗಾದರೆ ಮುಕ್ತ ತಂತ್ರಾಂಶಕ್ಕೆ ಬದಲಾಗುವುದು ಒಂದು ದಿನದ ಕೆಲಸವಲ್ಲ, ಅದರ ಹಿಂದೆ ನಿಲ್ಲುವ ಸಂಸ್ಥೆ ಬೇಕು ಎಂದಾಯಿತು. ಮಲೆನಾಡಿಗೆ ಇದರ ಪರಿಹಾರ ಹೊಸದಲ್ಲ. ಅಡಿಕೆ ಬೆಳೆಗಾರ ಒಬ್ಬಂಟಿಯಾಗಿ ವ್ಯಾಪಾರಿಯೆದುರು ನಿಂತರೆ ಗತಿಯಿಲ್ಲವೆಂದು ಅರಿತು 1939ರಲ್ಲಿ ಮಾಮ್ಕೋಸ್ ಎಂಬ ಸಹಕಾರ ಸಂಘ ಕಟ್ಟಿಕೊಂಡ ನೆಲ ಇದು. ರಾಶಿ, ಬೆಟ್ಟೆ, ಸರಕು ಎಂದು ದರ್ಜೆ ವಿಂಗಡಿಸಿ ಮಾರುವ ಕೆಲಸವನ್ನು ಬೆಳೆಗಾರರು ಒಟ್ಟಾಗಿ ಮಾಡಿದ ಹಾಗೆ, ಶಾಲೆಗಳೂ ಗ್ರಾಮ ಪಂಚಾಯಿತಿಗಳೂ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳೂ ಒಟ್ಟಾಗಿ ಕೆಲವು ತಂತ್ರಜ್ಞರನ್ನು ಸಂಬಳಕ್ಕೆ ಇಟ್ಟುಕೊಳ್ಳಬಹುದು. ಲೈಸೆನ್ಸಿಗೆ ಹೋಗುವ ಹಣ ಊರಿನಿಂದ ಆಚೆ ಹೋಗುತ್ತದೆ. ರಿಪೇರಿಗೆ ಕೊಡುವ ಹಣ ಇಲ್ಲಿನ ಐಟಿಐ, ಡಿಪ್ಲೊಮಾ ಓದಿದ ಹುಡುಗ ಹುಡುಗಿಯರ ಕೈಗೆ ಬರುತ್ತದೆ. ಮುಕ್ತ ತಂತ್ರಾಂಶಕ್ಕೆ ಖರ್ಚೇ ಇಲ್ಲ ಎಂದು ಹೇಳುವವರು ತಪ್ಪು ಹೇಳುತ್ತಾರೆ. ಖರ್ಚಿದೆ, ಆ ಖರ್ಚು ಮನುಷ್ಯರ ಮೇಲೆ.

ಎಲ್ಲರಿಗೂ ತೆರೆದಿರುವುದು ಕಳ್ಳರಿಗೂ ತೆರೆದಂತಲ್ಲವೇ ಎಂಬ ಭಯವೂ ಇದೆ. 2024ರ ಮಾರ್ಚಿನಲ್ಲಿ ಈ ಭಯ ನಿಜವಾಗುವ ಹಂತಕ್ಕೆ ಬಂದಿತ್ತು. ಬಹುತೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಇರುವ ಎಕ್ಸ್‌ಜಡ್ ಎಂಬ ಸಣ್ಣ ತಂತ್ರಾಂಶವನ್ನು ಬಹುಪಾಲು ಒಬ್ಬನೇ ವ್ಯಕ್ತಿ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದ. ಸಹಾಯ ಮಾಡುವ ನೆಪದಲ್ಲಿ ವ್ಯಕ್ತಿಯೊಬ್ಬರು ವರ್ಷಗಳ ಕಾಲ ವಿಶ್ವಾಸ ಗಳಿಸಿ ಅದರೊಳಗೆ ಕಳ್ಳಬಾಗಿಲು ಇಟ್ಟಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚಿಗೆ ಹಿಡಿಯುತ್ತಿರುವುದನ್ನು ಗಮನಿಸಿ, ಯಾಕೆಂದು ಕೆದಕಿ, ಅದನ್ನು ಹೊರಗೆಳೆದರು. ಆತ ದುಡಿಯುತ್ತಿದ್ದದ್ದು ಮೈಕ್ರೋಸಾಫ್ಟಿನಲ್ಲಿ. ಒಳಗನ್ನು ನೋಡುವ ಹಕ್ಕು ಹೊರಗಿನವರಿಗೂ ಇದ್ದದ್ದರಿಂದ ಆ ಕೆದಕುವಿಕೆ ಸಾಧ್ಯವಾಯಿತು. ಅದೇ ವರ್ಷ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಲೇ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಮುಚ್ಚಿದ್ದರೆ ಸುರಕ್ಷಿತ ಎಂದೇನೂ ಇಲ್ಲ. ಎಕ್ಸ್‌ಜಡ್ ಪ್ರಕರಣ ಇನ್ನೊಂದು ಮುಖ್ಯ ಸಂಗತಿಯನ್ನೂ ಹೇಳುತ್ತದೆ: ಲೋಕವೇ ಬಳಸುವ ಸಾಧನವನ್ನು ಒಬ್ಬನ ಬಿಡುವಿನ ದುಡಿಮೆಯ ಮೇಲೆ ನಿಲ್ಲಿಸುವುದು ಅನ್ಯಾಯ ಮತ್ತು ಅಪಾಯ. ಕನ್ನಡದ ಫಾಂಟು, ಪದಪರೀಕ್ಷೆ, ಅಕ್ಷರ ಪರಿವರ್ತಕ ಇವೆಲ್ಲ ಇವತ್ತು ಹೆಚ್ಚಾಗಿ ಅಂಥ ಬಿಡುವಿನ ದುಡಿಮೆಯಲ್ಲೇ ನಿಂತಿವೆ. ಸರ್ಕಾರ ಪ್ರಶಸ್ತಿ ಕೊಟ್ಟು ಶಾಲು ಹೊದಿಸಿದರೆ ಸಾಲದು, ನಿರ್ವಹಣೆಗೆ ಸಂಬಳದ ಹುದ್ದೆ ಬೇಕು. ಕುವೆಂಪು ವಿಶ್ವವಿದ್ಯಾಲಯದಂಥ ಕಡೆ ಅದನ್ನು ನೆಲೆಗೊಳಿಸಬಹುದು.

ಇದನ್ನೆಲ್ಲ ಮಾಡಲು ಹೊಸ ಕಾನೂನು ಯಾವುದೂ ಬೇಕಾಗಿಲ್ಲ. 2015ರಲ್ಲಿ ಕೇಂದ್ರ ಸರ್ಕಾರವೇ ಓಪನ್ ಸೋರ್ಸ್ ತಂತ್ರಾಂಶ ಅಳವಡಿಕೆಯ ನೀತಿಯನ್ನು ಪ್ರಕಟಿಸಿದೆ. ಸರ್ಕಾರದ ಇ-ಆಡಳಿತದ ಕೆಲಸಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಇರಬೇಕು, ಬೇರೆಯದನ್ನು ಕೊಳ್ಳುವುದಾದರೆ ಕಾರಣ ಕೊಡಬೇಕು ಎಂಬುದು ಅದರ ಸಾರ. ಶಿವಮೊಗ್ಗ ಜಿಲ್ಲಾ ಪಂಚಾಯಿತಿ, ಮಹಾನಗರ ಪಾಲಿಕೆ, ಭದ್ರಾವತಿ ನಗರಸಭೆ ಇವು ಕಂಪ್ಯೂಟರ್ ಖರೀದಿಗೆ ಟೆಂಡರ್ ಕರೆಯುವಾಗ ಆ ಮಾತನ್ನು ಷರತ್ತಾಗಿ ಸೇರಿಸಿದರೆ ಸಾಕು: ಯಂತ್ರ ಲಿನಕ್ಸಿನೊಂದಿಗೆ ಬರಬೇಕು, ಯೂನಿಕೋಡ್ ಕನ್ನಡ ಮೊದಲ ದಿನದಿಂದಲೇ ಸಿದ್ಧವಿರಬೇಕು, ವಿಂಡೋಸ್ ಬೇಕೆಂದ ಕಚೇರಿ ಯಾಕೆ ಬೇಕೆಂದು ಬರೆದುಕೊಡಬೇಕು. ವಿಂಡೋಸ್ 11ಕ್ಕೆ ಒಗ್ಗದ ಶಾಲಾ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಕಡತಗಳು ಸಿದ್ಧವಾಗುವ ಮೊದಲು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಒಂದು ಬೇಸಿಗೆ ರಜೆಯಲ್ಲಿ ಎರಡೂ ಊರುಗಳ ಪ್ರೌಢಶಾಲಾ ಶಿಕ್ಷಕರನ್ನು ಕೂರಿಸಿ, ಅವರ ಕೈಯಿಂದಲೇ ಆ ಯಂತ್ರಗಳಿಗೆ ಲಿನಕ್ಸ್ ಹಾಕಿಸಲಿ. ತರಬೇತಿಯ ಪಠ್ಯ ಮೊದಲಿಂದ ಬರೆಯಬೇಕಾಗಿಲ್ಲ. ಕಾಸರಗೋಡಿನ ಕನ್ನಡ ಪಠ್ಯಪುಸ್ತಕಗಳು ಸಿದ್ಧ ಇವೆ, ಕರ್ನಾಟಕದ ಶಿಕ್ಷಕರೇ 2013ರಿಂದ ಬರೆದಿಟ್ಟ ಪಾಠಗಳೂ ಇವೆ.